ನೀರು ಕುಡಿದ ಜೀಪು

ನಮ್ಮ ಕಡೆ ನಾಲೆಗೆ ಬಿದ್ದ ಗಾಡಿಗಳಿಗೆಲ್ಲ ಸ್ಟೇರಿಂಗ್ ಕಟ್ಟಾಗಿರುತ್ತದೆ. ಓಡಿಸುತ್ತಿದ್ದವನು ಕುಡಿದಿದ್ದ ಎಂದು ಯಾರೂ ಹೇಳುವುದಿಲ್ಲ, ತೂಕಡಿಸಿದ ಎಂದೂ ಹೇಳುವುದಿಲ್ಲ. ಕ್ರೇನು ಗಾಡಿಯನ್ನು ಮೇಲೆತ್ತಿ, ಬಾಗಿಲ ಸಂದಿಯಿಂದ ಇನ್ನೂ ನೀರು ಸುರಿಯುತ್ತಿರುವಾಗಲೇ ಏರಿಯ ಮೇಲೆ ನಿಂತ ಹಿರಿಯರಲ್ಲಿ ಒಬ್ಬ, "ಸ್ಟೇರಿಂಗ್ ಕಟ್ಟಾಗದೆ ಕಣ್ರಪ್ಪ" ಎನ್ನುತ್ತಾನೆ. ಅವನು ಬಗ್ಗಿ ನೋಡಿರುವುದಿಲ್ಲ. ನೋಡಿದವರಿದ್ದರೆ ಅವರೂ ಅಲ್ಲವೆನ್ನುವುದಿಲ್ಲ. ಆ ಮಾತು ಬಿದ್ದ ಮೇಲೆ ಸತ್ತವರ ಕಡೆಯವರೂ ಓಡಿಸಿದವನ ಕಡೆಯವರೂ ಒಟ್ಟಿಗೆ ಅಳಬಹುದು, ಒಂದೇ ಪಂಕ್ತಿಯಲ್ಲಿ ಕೂತು ತಿಥಿ ಊಟ ಮಾಡಬಹುದು. ನನ್ನ ಭಾವ ಸತ್ತಾಗಲೂ ಹಾಗೇ ಆಯಿತು. ಆ ಮಾತು ಹೇಳಿದ ಮುದುಕನ ಪಕ್ಕದಲ್ಲೇ ನಾನು ನಿಂತಿದ್ದೆ, ತಲೆ ಆಡಿಸಿದ್ದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅವರ ಊರು ಮದ್ದೂರಿನ ಹತ್ತಿರ, ಶಿವಪುರ ದಾಟಿ ಒಳಕ್ಕೆ. ನನ್ನದು ಕಿರುಗಾವಲಿನಿಂದ ಒಳಗೆ, ನಾಲೆ ಏರಿ ಹಿಡಿದು ಹೋಗಬೇಕಾದ ಊರು. ಸರ್ಕಾರದ ಒಂದು ಇಲಾಖೆ ತನ್ನ ಹಳೇ ಜೀಪುಗಳನ್ನು ಮಂಡ್ಯದಲ್ಲಿ ಹರಾಜು ಹಾಕಿದಾಗ ನಾವಿಬ್ಬರೂ ಒಂದೊಂದು ಹಿಡಿದೆವು. ಒಂದೇ ವರ್ಷದ, ಒಂದೇ ಬಣ್ಣದ ಗಾಡಿಗಳು. ಅವಳಿ ಮಕ್ಕಳಿಗೆ ಅಂಗಿ ಹೊಲಿಸಿದ ಹಾಗೆ ಭಾವ ಎರಡಕ್ಕೂ ಒಂದೇ ಬಟ್ಟೆಯಲ್ಲಿ ಟಾಪು ಹೊಲಿಸಿದ. ಮನುಷ್ಯ ಹಾಗೇ ಇದ್ದ, ಎಲ್ಲದರಲ್ಲೂ ಹುರುಪು. ಕುಡಿಯುತ್ತಿದ್ದ, ಬಿಡುತ್ತಿದ್ದ, ಮತ್ತೆ ಕುಡಿಯುತ್ತಿದ್ದ. ಸಾಯುವ ಹೊತ್ತಿಗೆ ಪೂರಾ ಬಿಟ್ಟಿದ್ದ ಎಂದು ಅಕ್ಕ ಹೇಳುತ್ತಾಳೆ.

ಒಂದು ಸಂಜೆ ಮದ್ದೂರಿನಿಂದ ಮನೆಗೆ ಬರುವಾಗ ಭಾವ ಓಡಿಸುತ್ತಿದ್ದ, ಪಕ್ಕದಲ್ಲಿ ಅವನ ಸ್ವಂತ ತಮ್ಮ ಕೂತಿದ್ದ. ನಾಲೆ ಬಲಕ್ಕೆ ತಿರುಗುವ ಕಡೆ ಜೀಪು ತಿರುಗಲಿಲ್ಲ. ಇಬ್ಬರೂ ಹೋದರು. ಡಾಕ್ಟರು ಏನು ಬರೆದರೋ, ಪೊಲೀಸರು ಏನು ಬರೆದರೋ, ನಮ್ಮ ಮನೆಯವರು ಯಾರೂ ಕೇಳಲಿಲ್ಲ. ಸ್ಟೇರಿಂಗ್ ಬಾಕ್ಸಿನೊಳಗೆ ಹಲ್ಲು ಮುರಿದಿತ್ತು ಎಂದು ಊರು ತೀರ್ಮಾನ ಮಾಡಿತ್ತು, ಅಷ್ಟು ಸಾಕಾಗಿತ್ತು.

ಆ ಮನೆಯಲ್ಲಿ ಈಗ ಇಬ್ಬರು ಗಂಡ ಸತ್ತ ಹೆಂಗಸರು. ಒಬ್ಬಳು ನನ್ನ ಅಕ್ಕ, ಇನ್ನೊಬ್ಬಳು ಅವಳ ಓರಗಿತ್ತಿ. ಒಂದೇ ಒಲೆ. ಒಬ್ಬಳು ಮುದ್ದೆ ತೊಳಸಿದರೆ ಇನ್ನೊಬ್ಬಳು ಸಾರಿಗೆ ಒಗ್ಗರಣೆ ಹಾಕುತ್ತಾಳೆ. ಓಡಿಸಿದವನ ಹೆಂಡತಿಯೂ ಅವನ ಪಕ್ಕದಲ್ಲಿ ಕೂತಿದ್ದು ಸತ್ತವನ ಹೆಂಡತಿಯೂ ಹೀಗೆ ಒಂದೇ ಅಡುಗೆಮನೆಯಲ್ಲಿ ಬದುಕುತ್ತಿರುವುದು ಆ ಮುರಿದ ಹಲ್ಲಿನ ಆಧಾರದ ಮೇಲೆ. ಜೀಪನ್ನು ಅಕ್ಕ ಗುಜರಿಗೆ ಕೊಡಲಿಲ್ಲ. ಹಿತ್ತಲಲ್ಲಿ ಹುಲ್ಲಿನ ಮೆದೆಯ ಪಕ್ಕ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದಳು. ಕೇಳಿಕೊಂಡು ಬಂದ ಗುಜರಿಯವರಿಗೆಲ್ಲ ಬೈದು ಕಳಿಸುತ್ತಿದ್ದಳು.

ಇನ್ನು ನನ್ನ ಜೀಪಿನ ಕಥೆ. ಬೆಳಿಗ್ಗೆ ಹಾಲಿನ ಕ್ಯಾನು, ಆಮೇಲೆ ಹಿಪ್ಪುನೇರಳೆ ಸೊಪ್ಪು, ನಾಟಿ ಕಾಲದಲ್ಲಿ ಹಿಂದುಗಡೆ ತುಂಬ ಹೆಣ್ಣಾಳುಗಳು. ಸೇತುವೆಯಾಚೆ ನಮ್ಮ ಗದ್ದೆಯ ದಾರಿ ಎರೆಮಣ್ಣು. ಮಳೆ ಬಿದ್ದರೆ ಹೊಸ ಪಿಕಪ್ಪುಗಳು ಅಲ್ಲಿ ಹೊಟ್ಟೆ ಊರಿ ಮಲಗುತ್ತವೆ. ನಾಲ್ಕೂ ಚಕ್ರ ಎಳೆಯುವ ಈ ಮುದಿ ಜೀಪು ಮಾತ್ರ ಗೊಣಗಿಕೊಂಡು ದಾಟುತ್ತದೆ. ಹೆಂಡತಿ ಅದನ್ನು ಮಾರು ಎನ್ನುತ್ತಾಳೆ, ಮಗಳು ಅದನ್ನು ಮ್ಯೂಸಿಯಮ್ಮಿಗೆ ಕೊಡು ಎನ್ನುತ್ತಾಳೆ. ನಾನು ಇಬ್ಬರಿಗೂ ಉತ್ತರ ಕೊಡುವುದಿಲ್ಲ.

ಹೋದ ವರ್ಷ ಅದರ ಸ್ಟೇರಿಂಗಿಗೆ ಆಟ ಬಂತು. ಅರ್ಧ ಸುತ್ತು ತಿರುಗಿಸಿದರೂ ಚಕ್ರಕ್ಕೆ ಸುದ್ದಿ ಮುಟ್ಟುತ್ತಿರಲಿಲ್ಲ. ಸ್ಟೇರಿಂಗಿನ ಕಂಬಿ ಕೆಳಗಿಳಿದು ಒಂದು ಕಬ್ಬಿಣದ ಡಬ್ಬಿ ಸೇರುತ್ತದೆ, ಅದೇ ಸ್ಟೇರಿಂಗ್ ಬಾಕ್ಸು. ಅದರೊಳಗೆ ಗೇಣುದ್ದದ ಒಂದು ಶಾಫ್ಟು, ಅದಕ್ಕೆ ಹಲ್ಲುಗಳು. ನಾವು ಕೈಯಲ್ಲಿ ತಿರುಗಿಸಿದ್ದನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವುದು ಆ ಹಲ್ಲುಗಳು. ನನ್ನ ಗಾಡಿಯಲ್ಲಿ ಅವು ಸವೆದಿದ್ದವು. ಮಳವಳ್ಳಿಯಲ್ಲಿ ನನಗೊಬ್ಬ ಮೆಕ್ಯಾನಿಕ್ ಇದ್ದಾನೆ. ನನ್ನ ವಯಸ್ಸಿನವನೇ. ಬಾಯಿ ಜಾಸ್ತಿ, ಕೆಲಸ ನಿಧಾನ, ಆದರೂ ನಾನು ಇನ್ನೊಬ್ಬನ ಹತ್ತಿರ ಹೋದವನಲ್ಲ. ಅವನು ಅಡಿಯಿಂದ ಎದ್ದು ಬಂದು, "ಬಾಕ್ಸು ಸರ್ಯಾಗದೆ, ಸಾಫ್ಟು ಓಗದೆ. ಒರಿಜಿನಲ್ ತಂದ್ಕೊಡು, ನೀನಿರೋಗಂಟ ಓಡ್ತದೆ" ಎಂದ.

ತಂದುಕೊಡು ಎಂದವನು ಎಲ್ಲಿಂದ ಎಂದು ಹೇಳಲಿಲ್ಲ.

ಮಳವಳ್ಳಿಯ ಅಂಗಡಿಗಳಲ್ಲಿ ಕೇಳಿದರೆ, "ಆ ಮಾಡಲ್ಲು ಕಂಪನೀನೇ ಮರ್ತೋಗದೆ" ಎಂದರು. ಮದ್ದೂರಿನಲ್ಲಿ ಒಬ್ಬ, ಹಳೇ ಪಾರ್ಟುಗಳ ನಡುವೆಯೇ ಹುಟ್ಟಿದವನಂತೆ ಕೂತಿದ್ದ, ಯಾವುದೋ ಟ್ರ್ಯಾಕ್ಟರಿನ ಶಾಫ್ಟು ತೋರಿಸಿ ಇದೇ ಎಂದು ವಾದ ಮಾಡಿದ. ಅಳತೆ ಹಿಡಿದು ತೋರಿಸಿದ ಮೇಲೂ ಒಪ್ಪಲಿಲ್ಲ. ಸೋಮನಹಳ್ಳಿಯ ಲೇತ್ ಅಂಗಡಿಯವನು ಸವೆದ ಹಲ್ಲಿಗೆ ವೆಲ್ಡಿಂಗ್ ತುಂಬಿ ಕಡೆದುಕೊಡುತ್ತೇನೆ ಎಂದ. "ನಿಲ್ತದಾ?" ಎಂದು ಕೇಳಿದೆ. "ನಿಂತ್ರೆ ನಿಲ್ತದೆ" ಎಂದ. ನಾಲೆ ಏರಿಯ ಮೇಲೆ ಹೆಂಗಸರನ್ನು ತುಂಬಿಕೊಂಡು ಓಡಿಸುವವನಿಗೆ ಆ ಉತ್ತರ ಸಾಲದು. ಮೊಬೈಲಿನಲ್ಲಿ ಮಗಳು ಹುಡುಕಿ ತೋರಿಸಿದ ಅಂಗಡಿಯೊಂದರಿಂದ ಪಾರ್ಸಲ್ಲು ಬಂತು. ಬಿಚ್ಚಿದರೆ ಬೇರೆ ಯಾವುದೋ ಕಾರಿನದು.

ಮಂಡ್ಯದ ಗುಜರಿ ಬೀದಿಯಲ್ಲಿ ಎರಡು ಸಲ ಹಳೇ ಶಾಫ್ಟು ಸಿಕ್ಕಿದವು. ಅಲ್ಲಿ ಹಳೇ ಪಾರ್ಟು ಕೈಗೆತ್ತಿಕೊಳ್ಳುವ ಮೊದಲು ನಮ್ಮವರು ಕೇಳುವ ಪ್ರಶ್ನೆ ಒಂದಿದೆ: "ನೀರು ಕುಡ್ದಿದ್ದಾ?" ನಾಲೆಗೆ ಬಿದ್ದು ಪ್ರಾಣ ತೆಗೆದ ಗಾಡಿಯದಾ ಎಂದು ಅರ್ಥ. ಹಾಗಿದ್ದರೆ ಒಂದು ಬೋಲ್ಟನ್ನೂ ಯಾರೂ ಮುಟ್ಟುವುದಿಲ್ಲ. ಒಂದು ಶಾಫ್ಟಿಗೆ ಅಂಗಡಿಯವನು ಉತ್ತರ ಕೊಡದೆ ಬೇರೆ ಕಡೆ ನೋಡಿದ. ನಾನು ಕೆಳಗಿಟ್ಟು ಬಂದೆ. ಇನ್ನೊಂದು ನನ್ನದಕ್ಕಿಂತ ಹೆಚ್ಚು ಸವೆದಿತ್ತು.

ಕೊನೆಗೆ ಮಂಡ್ಯದಲ್ಲೇ ಒಂದು ದೊಡ್ಡ ಅಂಗಡಿಯಲ್ಲಿ ಹೊಸದು ಸಿಕ್ಕಿತು. ಮಿರಿಮಿರಿ ಮಿಂಚುವ ಡಬ್ಬಿ, ಮೇಲೆ ಬಣ್ಣ ಬದಲಾಯಿಸುವ ಸ್ಟಿಕ್ಕರು. "ಕಂಪನಿದೇ ಸಾ" ಎಂದ ಅಂಗಡಿಯವನು. ಶಾಫ್ಟಿನ ಒಂದು ತುದಿಗೆ ನೀಲಿ ಪೇಂಟಿನಲ್ಲಿ ಚುಕ್ಕೆ ಇಟ್ಟು, "ನಮ್ಮಂಗ್ಡಿ ಗುರ್ತು. ಕೆಟ್ರೆ ವಾಪಸ್ ತನ್ನಿ, ಈ ಚುಕ್ಕೆ ಇದ್ರೆ ಬದ್ಲಾಯ್ಸಿ ಕೊಡ್ತೀವಿ. ಬೇರೆಯೋರ ಮಾಲು ತಂದು ನಮ್ದು ಅನ್ಬಾರ್ದಲ್ಲ" ಎಂದ. ನನಗೆ ಆ ನಿಯತ್ತು ಹಿಡಿಸಿತು. ಮೆಕ್ಯಾನಿಕ್ ಕೂಡ ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, "ಪಸಂದಾಗದೆ" ಎಂದು ಸರ್ಟಿಫಿಕೇಟು ಕೊಟ್ಟ.

ಆ ಪಸಂದಾದ ಮಾಲು ನಾಟಿ ಮುಗಿಯುವ ತನಕವೂ ಬಾಳಿಕೆ ಬರಲಿಲ್ಲ. ಒಂದು ಮಧ್ಯಾಹ್ನ ಹೆಣ್ಣಾಳುಗಳನ್ನು ಹಿಂದೆ ಕೂರಿಸಿಕೊಂಡು ಏರಿಯ ಮೇಲೆ ಬರುತ್ತಿದ್ದೆ. ಕೈಯಲ್ಲಿ ಏನೋ ಕಟಕ್ಕೆಂದಿತು, ಸ್ಟೇರಿಂಗು ಬರಿದೇ ಸುತ್ತತೊಡಗಿತು. ಜೀಪು ತನ್ನಿಷ್ಟಕ್ಕೆ ನೀರಿನ ಕಡೆ ಹೊರಟಿತು. ನಿಧಾನವಾಗಿ ಬರುತ್ತಿದ್ದುದರಿಂದ ಬ್ರೇಕು ಹಿಡಿಯಿತು. ನಿಂತಾಗ ಮುಂದಿನ ಎಡ ಚಕ್ರದ ಕೆಳಗೆ ಅರ್ಧ ಮಣ್ಣು, ಅರ್ಧ ಗಾಳಿ. ಹೆಂಗಸರು ಹಿಂದಿನಿಂದ ಧುಮುಕಿ ಗದ್ದೆಯ ಕಡೆಗೆ ಓಡಿದರು. ನನ್ನ ಕಾಲು ಬ್ರೇಕಿನಿಂದ ಏಳಲೇ ಇಲ್ಲ. ಅವರಲ್ಲಿ ಹಿರಿಯಳು ಕಲ್ಲು ತಂದು ಚಕ್ರಕ್ಕೆ ಕೊಟ್ಟ ಮೇಲೆ ಇಳಿದೆ.

"ಏನಾಯ್ತಣ್ಣ?" ಎಂದಳು.

"ಸ್ಟೇರಿಂಗ್ ಕಟ್ಟಾಯ್ತು ಕಣವ್ವ."

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಹತ್ತಿರ ಬಂದು, ನನ್ನ ಬಾಯಿಯ ಹತ್ತಿರ ಮೂಗು ತಂದು, ಮೂಸಿ ನೋಡಿದಳು.

ನನಗೆ ರೇಗಿತು. ಜೀವಮಾನದಲ್ಲಿ ಮೊದಲ ಸಲ ನಿಜಕ್ಕೂ ಸ್ಟೇರಿಂಗ್ ಕಟ್ಟಾದದ್ದನ್ನು ಕಂಡವನು ನಾನು, ನನ್ನ ಮಾತನ್ನು ಯಾರೂ ನಂಬಲಿಲ್ಲ. ಬಾಯಿ ವಾಸನೆ ಬರದಿದ್ದರೂ ಅವರ ಮುಖದ ಅನುಮಾನ ಹೋಗಲಿಲ್ಲ. ನಡೆದುಕೊಂಡೇ ಹೋಗುತ್ತೇವೆಂದು ಸೀರೆ ಎತ್ತಿಕಟ್ಟಿ ಹೊರಟರು. ಏರಿಯ ಮೇಲೆ ಒಬ್ಬನೇ ಕೂತಾಗ ಅರ್ಥವಾಯಿತು: ಸ್ಟೇರಿಂಗ್ ಕಟ್ಟು ಎಂದರೆ ಏನೆಂದು ಎಲ್ಲರಿಗೂ ಗೊತ್ತಿದೆ. ಅಕ್ಕನ ಎದುರು ಎಲ್ಲರೂ ಹೇಳಿಕೊಂಡು ಬಂದದ್ದು ಏನೆಂದೂ ಎಲ್ಲರಿಗೂ ಗೊತ್ತಿದೆ. ಅಕ್ಕನಿಗೆ ಒಬ್ಬಳಿಗೆ ಮಾತ್ರ ಗೊತ್ತಿಲ್ಲ ಅನಿಸಿತು.

ಸುದ್ದಿ ಮದ್ದೂರಿನ ಕಡೆಗೆ ನನಗಿಂತ ಮೊದಲು ಹೋಗಿತ್ತು. ಮಾರನೆಯ ದಿನ ಅಕ್ಕನ ಫೋನು. ಜೀವ ಉಳಿಯಿತಲ್ಲ ಎಂದು ಅತ್ತಳು, ಬೈದಳು. ಅದರ ನಂತರ ಅವಳ ದನಿಯಲ್ಲಿ ಬೇರೇನೋ ಬಂತು. ಅದನ್ನು ಖುಷಿ ಎಂದು ಕರೆಯಲು ನನಗೆ ಮನಸ್ಸಿಲ್ಲ.

"ನೋಡ್ದಾ, ನಿನ್ ಗಾಡೀದೂ ಅದೇ ಕಟ್ಟಾಯ್ತು. ಎರ್ಡೂ ಒಂದೇ ತಾವ್ಲಿಂದ ತಂದ ಗಾಡಿ. ಆ ಗಾಡಿ ಜಾತೀನೇ ಅಂಗೆ ಕಣ್ಲಾ" ಎಂದಳು. ನಾನು ಊ ಎಂದೆ.

"ನಿಂಗೆ ಏನಾರ ಪಾರ್ಟು ಬೇಕಾದ್ರೆ ಇಲ್ಲಿರೋ ಗಾಡೀಲಿ ಬಿಚ್ಕೊ. ಜನ ಏನಾರ ಅಂದ್ಕೊಳ್ಳಿ. ಇಂಜಿನ್ನು ತಕ್ಕೊ, ಚಕ್ರ ತಕ್ಕೊ. ಸ್ಟೇರಿಂಗು ಮುರ್ದೋಗದೆ, ಅದು ನಿಂಗೆ ಬರಕಿಲ್ಲ. ಆದ್ರೂ ಅದ ಬಿಚ್ಬೇಕು ನೀನು."

"ಮುರಿದಿದ್ದನ್ನ ಯಾಕಕ್ಕ ಬಿಚ್ಚೋದು?"

ಆಗ ಹೇಳಿದಳು. ಓರಗಿತ್ತಿಯ ತಾಯಿ ಮಗಳನ್ನು ನೋಡಲು ಬಂದಿದ್ದವಳು ನಲ್ಲಿಯ ಹತ್ತಿರ ನಾಲ್ಕು ಜನರ ಮುಂದೆ, "ಕುಡ್ದೋನ ಪಕ್ಕ ಕೂತು ನನ್ನಳಿಯ ಓದ" ಎಂದುಬಿಟ್ಟಿದ್ದಳು. ಅಂದಿನಿಂದ ಓರಗಿತ್ತಿ ಏನೂ ಅಂದಿರಲಿಲ್ಲ, ಆದರೆ ಮಾತು ಕಡಿಮೆಯಾಗಿತ್ತು. ಅಕ್ಕನಿಗೆ ಊಟ ಸೇರುತ್ತಿರಲಿಲ್ಲ. "ಅವ್ಳ ಮುಂದೇನೇ ಬಿಚ್ಚು. ಮುರ್ದಿರೋದ ಅವ್ಳ ಕೈಗೇ ಕೊಡು. ಇಲ್ದಿದ್ರೆ ನಾನು ಅವ್ಳ ಮಕ ನೋಡ್ಕೊಂಡು ಈ ಮನೇಲಿ ಬಾಳಕ್ಕಾಗಕಿಲ್ಲ" ಎಂದಳು.

ಬೇಡವೆನ್ನಲು ನನಗೆ ಒಂದು ಕಾರಣವೂ ಹೊಳೆಯಲಿಲ್ಲ. ಹೊಳೆದ ಒಂದೇ ಕಾರಣವನ್ನು ಅವಳಿಗೆ ಹೇಳುವಂತಿರಲಿಲ್ಲ.

ಮೆಕ್ಯಾನಿಕ್‌ನ ಬೈಕಿನಲ್ಲಿ ಹೋದೆವು. ನನ್ನ ಗಾಡಿಯಲ್ಲಿ ಹಲ್ಲು ಮುರಿದಿದ್ದ ಮಂಡ್ಯದ ಡೂಪ್ಲಿಕೇಟ್ ಶಾಫ್ಟನ್ನು ಅವನು ಗೋಣಿಚೀಲಕ್ಕೆ ಹಾಕಿಕೊಂಡಿದ್ದ. ಬೇರೆ ಭಾಗ ಏನಾದರೂ ಹೊಂದುವುದಾದರೆ ಅಳತೆಗೆ ಇರಲಿ, ಬರುವಾಗ ಮಂಡ್ಯಕ್ಕೆ ಹೋಗಿ ಆ ಅಂಗಡಿಯವನ ಮುಖಕ್ಕೆ ಇಟ್ಟು ಬರೋಣ ಎಂಬುದು ಅವನ ಯೋಚನೆ. ದಾರಿಯುದ್ದಕ್ಕೂ ಅವನ ಬಾಯಿಗೆ ಬಿಡುವಿರಲಿಲ್ಲ. ಊರು ಹತ್ತಿರ ಬಂದಾಗ ನಾನು, "ಅಲ್ಲಿ ಬಾಯಿ ಮುಚ್ಕೊಂಡಿರು" ಎಂದೆ. ಏಕೆಂದು ಅವನು ಕೇಳಲಿಲ್ಲ.

ಅಕ್ಕ ಹಿತ್ತಲಿನ ಜಗಲಿಯ ಮೇಲೆ ಚಾಪೆ ಹಾಸಿ ಓರಗಿತ್ತಿಯನ್ನು ಕೂರಿಸಿಕೊಂಡಿದ್ದಳು. ನಾವು ಟಾರ್ಪಾಲು ತೆಗೆದೆವು. ಸೀಟಿನ ಮೇಲೆ ನಾಲೆಯ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಟಾಪಿನ ಬಟ್ಟೆ, ನನ್ನ ಗಾಡಿಗೂ ಇರುವ ಅದೇ ಬಟ್ಟೆ, ಚಿಂದಿಯಾಗಿ ನೇತಾಡುತ್ತಿತ್ತು. ಆ ಬಟ್ಟೆ ನೋಡಿ ನನಗೆ ಭಾವ ಬಂದು ಎದುರಿಗೆ ನಿಂತಂತಾಯಿತು. ಗೋಣಿ ಹಾಸಿಕೊಂಡು ಇಬ್ಬರೂ ಅಡಿಗೆ ಹೋದೆವು.

ಮೆಕ್ಯಾನಿಕ್ ಮೊದಲು ಬಾಕ್ಸಿನಿಂದ ಚಕ್ರಕ್ಕೆ ಹೋಗುವ ರಾಡುಗಳನ್ನು ನೋಡಿದ. ಒಂದೊಂದು ಕೀಲನ್ನೂ ಹಿಡಿದು ಅಲ್ಲಾಡಿಸಿದ. ಎಲ್ಲ ಇದ್ದಲ್ಲೇ ಇದ್ದವು. ನನಗೆ ಬೆವರು ಕಣ್ಣಿಗಿಳಿಯಿತು. ಬಾಕ್ಸಿನ ಮುಚ್ಚಳದ ಬೋಲ್ಟುಗಳು ಹಟ ಮಾಡಿದವು, ಡೀಸೆಲ್ಲು ಬಿಟ್ಟು ಕಾದು ತೆಗೆದ. ಒಳಗೆ ಕಪ್ಪು ಗ್ರೀಸು ಹಾಗೇ ಕೂತಿತ್ತು, ನೀರಿನ ಸುಳಿವಿಲ್ಲ. ಶಾಫ್ಟನ್ನು ಎಳೆದು ಅಂಗಿಯ ತುದಿಯಿಂದ ಒರೆಸಿ ನನ್ನ ಕಣ್ಣ ಮುಂದೆ ಹಿಡಿದ.

ಹಲ್ಲುಗಳೆಲ್ಲ ಇದ್ದವು. ಒಂದರ ಅಂಚೂ ಹೋಗಿರಲಿಲ್ಲ. ನಾನು ಮೂರು ತಾಲೂಕು ಸುತ್ತಿ ಹುಡುಕಿದ ಒರಿಜಿನಲ್ಲು ಅದು.

ಯಾರೂ ಏನೂ ಹೇಳಬೇಕಾಗಿರಲಿಲ್ಲ. ಭಾವ ಕುಡಿದಿದ್ದ. ಕೈಯಲ್ಲಿ ಇಷ್ಟು ಗಟ್ಟಿಯಾದ ಸ್ಟೇರಿಂಗ್ ಇಟ್ಟುಕೊಂಡು, ಪಕ್ಕದಲ್ಲಿ ತಮ್ಮನನ್ನು ಕೂರಿಸಿಕೊಂಡು, ಅದನ್ನು ತಿರುಗಿಸಲಿಲ್ಲ. ಆ ಸಾವು ಮುಗಿದು ಹೋಗಿದೆ ಎಂದುಕೊಂಡಿದ್ದೆ. ಆ ಜೀಪಿನ ಅಡಿಯಲ್ಲಿ ಮಲಗಿ ನನಗೆ ಅವನ ಮೇಲೆ ಬಂದ ಸಿಟ್ಟು, ಬದುಕಿರುವವರ ಮೇಲೂ ಅಷ್ಟು ಬಂದದ್ದಿಲ್ಲ.

"ಸಿಕ್ತಾ? ಎಂಗದೆ?" ಅಕ್ಕ ಜಗಲಿಯಿಂದ ಕೂಗಿದಳು.

ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅವನು ಕೈ ಚಾಚಿ ಗೋಣಿಚೀಲದಿಂದ ಆ ಡೂಪ್ಲಿಕೇಟ್ ಶಾಫ್ಟನ್ನು ಎಳೆದುಕೊಂಡ. ಭಾವನ ಬಾಕ್ಸಿನ ಕಪ್ಪು ಗ್ರೀಸನ್ನು ಬೊಗಸೆಯಲ್ಲಿ ತೆಗೆದು ಅದರ ಮೈತುಂಬ ಬಳಿದ. ಒಳ್ಳೆಯದು ಚೀಲಕ್ಕೆ ಹೋಯಿತು. ನಾನು ತಡೆಯಲಿಲ್ಲ. ತಡೆಯುವ ಯೋಚನೆಯೂ ಬರಲಿಲ್ಲ.

"ನೋಡವ್ವ," ಎಂದು ಅಡಿಯಿಂದ ತೆವಳಿ ಹೊರಬಂದ, "ಅಲ್ಲು ಉದ್ರೋಗವೆ. ದೇವ್ರೇ ಕೂತು ಓಡ್ಸಿದ್ರೂ ತಿರುಗ್ತಿರ್ಲಿಲ್ಲ."

ಅಕ್ಕ ಅದನ್ನು ಸೆರಗಿನಲ್ಲಿ ಇಸಿದುಕೊಂಡಳು. ಮುರಿದ ಹಲ್ಲುಗಳ ಜಾಗವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಓರಗಿತ್ತಿಯ ಮುಂದೆ ಹಿಡಿದು, "ನೋಡ್ದೇನವ್ವ? ನೋಡ್ದಾ?" ಎಂದು ಕೇಳುತ್ತಾ ಕುಸಿದು ಕೂತು ಅತ್ತಳು. ಓರಗಿತ್ತಿ ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡು, "ನೋಡ್ದೆ ಕಣಕ್ಕ, ಬುಡಿ, ನಾನೇನಾರ ಅಂದ್ನಾ?" ಎಂದಳು. ಅಂದು ಮಧ್ಯಾಹ್ನ ಅಕ್ಕ ನಮಗೆ ಬಡಿಸಿ ತಾನೂ ಹೊಟ್ಟೆ ತುಂಬ ಉಂಡಳು. ಶಾಫ್ಟನ್ನು ತೊಳೆಸಿ, ಅಣ್ಣತಮ್ಮಂದಿರ ಫೋಟೊಗಳ ಕೆಳಗೆ ಗೂಡಿನಲ್ಲಿ ಇಡಿಸಿದಳು. ಮಂಡ್ಯದ ಅಂಗಡಿಯವನ ಕಳ್ಳ ಮಾಲಿಗೆ ನನ್ನ ಅಕ್ಕ ಕುಂಕುಮ ಇಟ್ಟಳು.

ವಾಪಸ್ಸು ಮಳವಳ್ಳಿಗೆ ಬಂದ ಮೇಲೆ ಮೆಕ್ಯಾನಿಕ್ ಚೀಲ ತಟ್ಟಿ, "ನಿನ್ ಗಾಡಿಗೆ ಇದ್ನೇ ಆಕನಾ?" ಎಂದ.

"ನೀರು ಕುಡ್ದಿದ್ದು ಕಣೋ."

"ಒಳಗೆ ಒಂದು ತೊಟ್ಟೂ ಓಗಿಲ್ಲ. ಅದು ಕುಡ್ದಿಲ್ಲ" ಎಂದ. ಆಮೇಲೆ ತಾನೇ ಬೇರೆ ಕಡೆ ಮುಖ ತಿರುಗಿಸಿ ಬೀಡಿ ಹಚ್ಚಿದ.

ಹಾಕಿಸಿದೆ. ಹೆಂಡತಿಗೆ ಮಂಡ್ಯದಲ್ಲಿ ಸಿಕ್ಕಿತೆಂದೆ. ಗಾಡಿ ಹರಾಜಿನಲ್ಲಿ ತಂದ ದಿನದ ಹಾಗಾಯಿತು. ಬೆರಳು ಅಲ್ಲಾಡಿಸಿದರೆ ಚಕ್ರಕ್ಕೆ ತಿಳಿಯುತ್ತಿತ್ತು. ಹೆಣ್ಣಾಳುಗಳು ಒಂದಿಷ್ಟು ದಿನ ದೂರ ನಿಂತು ನೋಡಿ ಮತ್ತೆ ಹತ್ತಿದರು. ಆ ಹಿರಿಯಳು, "ಈಗ ಅಸನಾಗದೆ ಕಣಣ್ಣ" ಎಂದಳು. ನನಗೆ ಮಾತ್ರ ದಿನಾ ಬೆಳಿಗ್ಗೆ ನಮ್ಮೂರ ಏರಿಯ ತಿರುವಿನಲ್ಲಿ ಸ್ಟೇರಿಂಗ್ ಹಿಡಿದಾಗಲೆಲ್ಲ ಭಾವನನ್ನು ಬೈಯುವ ಅಭ್ಯಾಸವಾಯಿತು. ಇಷ್ಟು ಸಲೀಸಾಗಿ ತಿರುಗುತ್ತದಲ್ಲ, ಇಷ್ಟನ್ನು ತಿರುಗಿಸಲಾಗಲಿಲ್ಲವೇ ನಿನಗೆ ಎಂದು. ಬೈದು ಮುಗಿಸಿದ ಮೇಲೆ ದುಃಖವಾಗುತ್ತಿತ್ತು.

ಮಹಾಲಯ ಅಮಾವಾಸ್ಯೆಗೆ ಅಕ್ಕನ ಮನೆಗೆ ಹೋದೆ. ಹಿರಿಯರಿಗೆ ಎಡೆ ಇಡುವ ದಿನ. ಆ ಮನೆಯವರು ಮನೆಯೊಳಗೆ ಒಂದು ಎಡೆ ಇಟ್ಟು, ಗಾಡಿ ಬಿದ್ದ ಜಾಗದಲ್ಲಿ ಇನ್ನೊಂದು ಇಟ್ಟು ಬರುತ್ತಾರೆ. ಈ ಸಲ ನನ್ನ ಜೀಪಿನಲ್ಲೇ ಹೋಗೋಣ ಎಂದು ಅಕ್ಕ ಮೊದಲೇ ಹೇಳಿದ್ದಳು. ಅವಳು ಒಳಗೆ ಎಲೆ ಕಟ್ಟುತ್ತಿದ್ದಾಗ ನಾನು ಹಿತ್ತಲಿಗೆ ಕೈ ತೊಳೆಯಲು ಹೋದೆ. ಓರಗಿತ್ತಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾತ್ರೆ ಬೆಳಗುತ್ತಿದ್ದಳು. ತಲೆಯೆತ್ತದೆಯೇ ಮಾತಾಡಿದಳು.

"ಅಣ್ಣ, ಅವತ್ತು ಆ ಸಾಮಾನ ತೊಳ್ಯಕ್ಕೆ ಅಕ್ಕ ನನ್ ಕೈಗೇ ಕೊಟ್ಟಿದ್ದು. ಗ್ರೀಸೆಲ್ಲ ಓದ್ಮೇಲೆ ತುದೀಲಿ ನೀಲಿ ಚುಕ್ಕೆ ಇತ್ತು. ಒಸಾ ಪೇಂಟು."

ನನ್ನ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು.

"ಕಲ್ಲಲ್ಲಿ ಉಜ್ಜಿ ತೆಗ್ದೆ. ಅಕ್ಕ ನೋಡಿಲ್ಲ" ಎಂದಳು.

ಅವಳು ಹುಣಸೆಹಣ್ಣಿನಿಂದ ತಟ್ಟೆಯೊಂದನ್ನು ತಿಕ್ಕುತ್ತಲೇ ಇದ್ದಳು.

"ಅವತ್ತು ನಮ್ಮನೆಯವ್ರು ಮದ್ದೂರಿಂದ ಫೋನ್ ಮಾಡಿದ್ರು. ನಮ್ಮಣ್ಣ ಕುಡ್ದವ್ನೆ, ಗಾಡಿ ಬುಡು ಅಂದ್ರೆ ಬುಡ್ತಾಯಿಲ್ಲ, ನಾನು ಬಸ್ಸಲ್ಲಿ ಬತ್ತೀನಿ ಅಂದ್ರು. ನಾನೇ ಏಳ್ದೆ. ಅವ್ರೊಬ್ರನ್ನೇ ಬುಟ್ಬುಟ್ಟು ಬಂದ್ರೆ ಅಕ್ಕ ಏನಂದ್ಕೊಂಡಾರು, ಜೊತೇಲೇ ಕೂತ್ಕೊಂಡು ಬನ್ನಿ ಅಂತ. ಬ್ಯಾಡ ಅಂದ್ರು. ನಾನು ಬೈದು ಫೋನ್ ಇಟ್ಟೆ." ತಟ್ಟೆಯನ್ನು ನೀರಿನಲ್ಲಿ ಅದ್ದಿ ಎತ್ತಿದಳು. "ನಮ್ಮವ್ವಂಗೂ ಏಳಿಲ್ಲ ಇದ. ಅದು ಮುರ್ದೇ ಓಗಿತ್ತು ಕಣಣ್ಣ. ಅಂಗೇ ಇರ್ಲಿ."

ಅಷ್ಟು ದಿನ ನಾನು ಆ ಮನೆಯಲ್ಲಿ ಒಬ್ಬಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಆ ಸುಳ್ಳನ್ನು ಹಿಡಿದುಕೊಂಡು ಇವಳು ನನಗಿಂತ ಎಷ್ಟು ಕಷ್ಟಪಟ್ಟು ನಿಂತಿದ್ದಾಳೆ ಎಂದು ಯೋಚಿಸಿಯೇ ಇರಲಿಲ್ಲ. "ಊ ಕಣಮ್ಮ, ಅಂಗೇ ಇರ್ಲಿ" ಎಂದೆ. ಅಷ್ಟರಲ್ಲಿ ಅಕ್ಕ ಕರೆದಳು.

ಅಕ್ಕ ಮುಂದೆ ನನ್ನ ಪಕ್ಕ ಕೂತಳು, ಮಡಿಲಲ್ಲಿ ಎಡೆಯ ಬುಟ್ಟಿ. ಓರಗಿತ್ತಿ ಹಿಂದೆ. ಆ ಜಾಗದಲ್ಲಿ ಎಲೆ ಹಾಸಿ, ಇಬ್ಬರಿಗೂ ಇಷ್ಟವಾದದ್ದನ್ನೆಲ್ಲ ಬಡಿಸಿ, ಕಾಗೆ ಬರುವ ತನಕ ಕಾದೆವು. ನಾಲೆ ತುಂಬಿ ಹರಿಯುತ್ತಿತ್ತು. ಅಕ್ಕ ಅಳಲಿಲ್ಲ. ಶಾಫ್ಟು ಗೂಡಿಗೆ ಬಂದ ಮೇಲೆ ಅವಳು ಅಳುವುದು ಕಡಿಮೆಯಾಗಿತ್ತು.

ಹಿಂದಿರುಗಲು ಹೊರಟರೆ ಮೊದಲಿಗೇ ಭಾವ ತಿರುಗಿಸದ ಅದೇ ತಿರುವು. ಏರಿ ಅಲ್ಲಿ ಕಿರಿದು, ಎದುರಿಗೆ ಕಬ್ಬಿನ ಗಾಡಿಯೊಂದು ಬರುತ್ತಿತ್ತು. ನಾನು ನೀರಿನ ಅಂಚಿಗೆ ಸರಿದು, ದಾರಿ ಕೊಟ್ಟು, ತಿರುಗಿಸಿದೆ. ಜೀಪು ಒಂದಿಷ್ಟೂ ಅಲುಗದೆ ಹೇಳಿದ ಕಡೆಗೆ ತಿರುಗಿತು. ಅಕ್ಕ ಬುಟ್ಟಿಯ ಮೇಲೆ ಕೈಯಿಟ್ಟು ನನ್ನ ಕೈಗಳನ್ನೇ ನೋಡುತ್ತಿದ್ದವಳು ನಿಟ್ಟುಸಿರು ಬಿಟ್ಟಳು.

"ಎಷ್ಟು ಸಲೀಸಾಗಿ ಓಯ್ತದೆ ನೋಡು. ಇಂಥ ಸ್ಟೇರಿಂಗು ಅವ್ರ ಗಾಡೀಲಿ ಇದ್ದಿದ್ರೆ, ಅವತ್ತು ಇಬ್ರೂ ಇಂಗೇ ಮನೆಗ್ ಬತ್ತಿದ್ರು ಕಣ್ಲಾ."

ನಾನು ದಾರಿಯಿಂದ ಕಣ್ಣು ತೆಗೆಯಲಿಲ್ಲ.

ಹಿಂದಿನ ಸೀಟಿನಿಂದ ಓರಗಿತ್ತಿ, "ಊ ಕಣಕ್ಕ, ಬತ್ತಿದ್ರು" ಎಂದಳು.